ಹುಳದ ಮನೆ ಪಕ್ಕದ ಕಂಪ್ಯೂಟರಿಗೆ ಹೊಸ ಫ್ಯಾನು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆರಿಹೋಯಿತು. ಕರೆಂಟು ಇತ್ತು. ಯುಪಿಎಸ್ ಮೇಲೆ ಹಸಿರು ದೀಪ ಉರಿಯುತ್ತಿತ್ತು, ತಲೆಯ ಮೇಲಿನ ಫ್ಯಾನು ಎಂದಿನಂತೆ ಕಿರುಗುಟ್ಟುತ್ತ ತಿರುಗುತ್ತಿತ್ತು. ಪರದೆ ಮಾತ್ರ ಕಪ್ಪು. ಕ್ಯಾಬಿನೆಟ್ಟಿನ ಪಕ್ಕಕ್ಕೆ ಕೈ ಮುಟ್ಟಿಸಿದೆ, ಒಲೆಯ ಮೇಲಿಂದ ಆಗತಾನೆ ಇಳಿಸಿದ ಪಾತ್ರೆಯ ಬಿಸಿ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈದರೆ ತಣ್ಣಗಾಗುವ ಜಾತಿಯದಲ್ಲ ಅದು, ನಾನೂ ಅಲ್ಲ.

ನಾನು ಮನೆಗಳ ನಕ್ಷೆ ಬರೆಯುವವಳು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ಬಣ್ಣದಲ್ಲಿ ತೋರಿಸುವುದೂ ನನ್ನ ಕೆಲಸ. ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ, ಅತ್ತೆ ರೇಷ್ಮೆ ಹುಳ ಸಾಕುವ ಮನೆಗೆ ಅಂಟಿಕೊಂಡ ಒಂದು ಕೋಣೆಯೇ ನನ್ನ ಆಫೀಸು. ಮೊದಲು ಅದು ಸೊಪ್ಪಿನ ಕೋಣೆಯಾಗಿತ್ತು. ಹೊಲದಿಂದ ತಂದ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಒದ್ದೆ ಗೋಣಿ ಹೊದಿಸಿ ಅಲ್ಲಿಡುತ್ತಿದ್ದರು. ಈಗ ಅಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂಬತ್ತು ವರ್ಷ ಹಳೆಯ ಕಂಪ್ಯೂಟರು ಮತ್ತು ನಾನು.

ಅವತ್ತು ಅದರಲ್ಲಿ ಓಡುತ್ತಿದ್ದದ್ದು ಒಬ್ಬ ನಿವೃತ್ತ ನರ್ಸ್ ಕಟ್ಟಿಸಲಿದ್ದ ಮನೆ. ಅವರಿಗೆ ಶಿಡ್ಲಘಟ್ಟದಲ್ಲಿ ಮೂವತ್ತು ನಲವತ್ತರ ಸೈಟಿದೆ. ಕಾಗದದ ಮೇಲಿನ ಗೆರೆ ನನಗೆ ತಿಳಿಯುವುದಿಲ್ಲ, ಮನೆಯೊಳಗೆ ಓಡಾಡಿದ ಹಾಗೆ ವಿಡಿಯೋ ಮಾಡಿ ತೋರಿಸಿ, ಆಮೇಲೆ ಮೇಸ್ತ್ರಿಗೆ ಹೇಳುತ್ತೇನೆ ಎಂದಿದ್ದರು. ಯಾರ ಮಧ್ಯಸ್ಥಿಕೆಯೂ ಇಲ್ಲದೆ ನೇರವಾಗಿ ನನ್ನನ್ನೇ ಹುಡುಕಿಕೊಂಡು ಬಂದ ಮೊದಲ ಗಿರಾಕಿ ಅವರು. ಅದುವರೆಗೆ ನಾನು ಬರೆದದ್ದೆಲ್ಲ ಚಿಂತಾಮಣಿಯ ಒಬ್ಬ ಎಂಜಿನಿಯರಿಗೆ. ನಕ್ಷೆಯ ಮೂಲೆಯ ಚೌಕದಲ್ಲಿ ಅವರ ಆಫೀಸಿನ ಹೆಸರು ಕೂರುತ್ತಿತ್ತು. ಬರೆದ ಕೈ ಯಾವುದೆಂದು ಮನೆ ಕಟ್ಟಿದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಸುದ್ದಿ ಎಂಜಿನಿಯರಿಗೆ ಹೇಗೋ ತಲುಪಿತು. ಅವರು ನರ್ಸ್‌ಗೆ ಫೋನ್ ಮಾಡಿ, ಆ ಹೆಂಗಸಿನ ಕಂಪ್ಯೂಟರಿನಲ್ಲಿ ವಿಡಿಯೋ ಎಲ್ಲ ಆಗುವ ಮಾತಲ್ಲ, ಬಿಸಿಯಾಗಿ ಅರ್ಧಕ್ಕೇ ನಿಂತುಹೋಗುತ್ತದೆ, ನಮ್ಮಲ್ಲಿಗೆ ಬನ್ನಿ ಎಂದರಂತೆ. ಸುಳ್ಳೇನಲ್ಲ. ಕೆಲಸ ತಡವಾದಾಗಲೆಲ್ಲ ಕಂಪ್ಯೂಟರ್ ಬಿಸಿಯಾಗುತ್ತದೆ ಸಾರ್ ಎಂದು ಅವರಿಗೆ ಹೇಳಿದವಳು ನಾನೇ. ನನ್ನ ನೆಪವನ್ನೇ ನನ್ನ ಮೇಲೆ ತಿರುಗಿಸಿದ್ದರು. ನರ್ಸ್ ನೇರ ಮನುಷ್ಯರು, ಇದನ್ನೆಲ್ಲ ಮುಚ್ಚಿಡದೆ ಹೇಳಿದರು.

"ಶುಕ್ರವಾರ ಹತ್ತು ಗಂಟೆಗೆ ಬರ್ತೀನಮ್ಮ. ತೋರ್ಸಿದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ಚಿಂತಾಮಣಿಗೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

ನ್ಯಾಯವಾದ ಮಾತು. ಬೇಜಾರು ಮಾಡಿಕೊಳ್ಳಲಿಲ್ಲ. ಹೊಟ್ಟೆ ಉರಿಯಿತು ಅಷ್ಟೆ.

ಲೆಕ್ಕ ಹೀಗಿತ್ತು. ಒಂದೂವರೆ ನಿಮಿಷದ ವಿಡಿಯೋಗೆ ಎರಡು ಸಾವಿರದ ಇನ್ನೂರೈವತ್ತು ಚಿತ್ರ. ಒಂದೊಂದನ್ನೂ ಪ್ರೊಸೆಸರ್ ಬೆಳಕು, ನೆರಳು ಸಮೇತ ತಯಾರು ಮಾಡಬೇಕು. ಇದಕ್ಕೆ ರೆಂಡರ್ ಎನ್ನುತ್ತಾರೆ. ನನ್ನ ಯಂತ್ರ ಒಂದೂವರೆ ಗಂಟೆ ತಿಣುಕಿ ನಲವತ್ತು ಚಿತ್ರ ಮುಗಿಸುವಷ್ಟರಲ್ಲಿ ನೂರು ಡಿಗ್ರಿ ಮುಟ್ಟಿ, ಸುಟ್ಟುಹೋಗಬಾರದೆಂದು ತಾನೇ ಆರಿಕೊಳ್ಳುತ್ತಿತ್ತು. ಅದು ತಣಿಯಲು ಅರ್ಧ ಗಂಟೆ. ಹಾಗೆ ಐವತ್ತಾರು ಸಲ ಹಚ್ಚುತ್ತ ಕೂತರೆ ಶುಕ್ರವಾರವಲ್ಲ, ಮುಂದಿನ ಹುಣ್ಣಿಮೆ ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಬೆಳ್ಳಗೆ. ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿಯನ್ನು ಹೀರುವ ಅಲ್ಯುಮಿನಿಯಂ ಗಟ್ಟಿಗೆ ಹೀಟ್‌ಸಿಂಕ್ ಎಂದು ಹೆಸರು. ಅದರ ತೆಳ್ಳನೆ ಎಲೆಗಳ ನಡುವೆ ಗಾಳಿ ಆಡಬೇಕು. ಅಲ್ಲಿ ಗಾಳಿಯ ಜಾಗದಲ್ಲಿ ಸುಣ್ಣ ತುಂಬಿತ್ತು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಪ್ರತಿ ಜ್ವರದಲ್ಲೂ ಅತ್ತೆ ಹುಳದ ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ, ರೋಗ ಬರದಿರಲಿ ಎಂದು. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಮೇಲೆ ಒಂದು ಕಿಂಡಿಯಿದೆ. ಪುಡಿ ಅದರ ಮೂಲಕ ನನ್ನ ಕಡೆಗೂ ಬರುತ್ತದೆ.

ನನಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಎಡವಟ್ಟು ಮಾಡಿದ್ದೆ. ಹುಳದ ಮೈಮೇಲೆ ಮೊಟ್ಟೆಯಿಡಲು ಬರುವ ಊಜಿ ನೊಣವನ್ನು ತಡೆಯಲು ಹುಳದ ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಕಟ್ಟುತ್ತೇವೆ. ಎರಡು ವರ್ಷದ ಹಿಂದೆ, ಉಳಿದ ಒಂದು ತುಂಡು ಬಲೆಯನ್ನು ಗಾಳಿ ಒಳಗೆ ಹೋಗುವ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಬಿಗಿಯಾಗಿ ಅಂಟಿಸಿ, ಧೂಳು ತಡೆದೆ ಎಂದು ಬೀಗಿದ್ದೆ. ಆಮೇಲೆ ಅದನ್ನು ಒಂದು ದಿನವೂ ತೆಗೆದು ನೋಡಿರಲಿಲ್ಲ. ಬಲೆಯ ಕಣ್ಣುಗಳೆಲ್ಲ ಸುಣ್ಣದಿಂದ ಮುಚ್ಚಿ ಗಾರೆ ಮೆತ್ತಿದ ಗೋಡೆಯಾಗಿತ್ತು. ಬಲೆ ಕಟ್ಟುವ ಮೊದಲು ನುಗ್ಗಿದ ಸುಣ್ಣ ಒಳಗೆ, ಆಮೇಲಿನದು ಬಲೆಯಲ್ಲಿ, ಗಾಳಿಗೆ ಎಲ್ಲೂ ದಾರಿಯಿಲ್ಲ. ಕಂಪ್ಯೂಟರಿಗೆ ಊಜಿ ನೊಣ ಬರದಂತೆ ಕಾಪಾಡಿದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬಲೆಯನ್ನು ಕಿತ್ತೆಸೆದೆ.

ಹೀಟ್‌ಸಿಂಕಿಗೆ ಸ್ಪಿರಿಟ್ ಹೊಡೆದು ತೊಳೆಯೋಣವೆಂದು ಬಾಟಲಿ ತೆರೆದಿದ್ದೇ ತಡ, ಅತ್ತೆ ಬಾಗಿಲಲ್ಲಿ ನಿಂತರು. ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಗೂಡು ಕಟ್ಟುವ ಮುಂಚಿನ ಆ ವಾರದಲ್ಲಿ ಅವು ಹಗಲೂ ರಾತ್ರಿ ತಿನ್ನುತ್ತವೆ. ಹುಳ ಇರುವಷ್ಟು ದಿನ ನಮ್ಮ ಮನೆಯಲ್ಲಿ ಊದುಬತ್ತಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ನನ್ನ ಮುಖಕ್ಕೆ ಪೌಡರೂ ಇಲ್ಲ. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ.

"ವದ್ದು, ಬೇಡ," ಎಂದರು. "ಆ ವಾಸ್ನೆಗೆ ಹುಳ ಸೊಪ್ಪು ಮುಟ್ಟಲ್ಲ. ಆಚೆ ತಗೊಂಡೋಗು."

ಕ್ಯಾಬಿನೆಟ್ ಹೊತ್ತುಕೊಂಡು ಅಂಗಳದ ಆಚೆ ತುದಿಗೆ, ಗಾಳಿ ಮನೆಯ ಕಡೆ ಬೀಸದ ಜಾಗಕ್ಕೆ ಹೋದೆ. ಬಣ್ಣ ಹೊಡೆಯುವ ಬ್ರಷ್ಷಿನಿಂದ ಉಜ್ಜಿದೆ, ಸೈಕಲ್ ಪಂಪಿನಿಂದ ಊದಿದೆ. ಹೀಟ್‌ಸಿಂಕ್ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಗೂಟದ ಮೇಲೆ ನಿಂತಿರುತ್ತದೆ. ಮೂರು ಸಲೀಸಾಗಿ ಬಂದವು. ನಾಲ್ಕನೆಯದನ್ನು ತಿರುಗಿಸಿದಾಗ ಪಟ್ಟನೆ ಮುರಿಯಿತು. ಒಂಬತ್ತು ವರ್ಷದ ಬಿಸಿಗೆ ಬೆಂದ ಪ್ಲಾಸ್ಟಿಕ್ಕು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಿ, ಇದ್ದ ಹೊಸ ಪೇಸ್ಟ್ ಹಚ್ಚಿ, ಮೂರೇ ಗೂಟದ ಮೇಲೆ ಕೂರಿಸಿ ಓಡಿಸಿ ನೋಡಿದೆ. ಒಂದು ಮೂಲೆ ಎತ್ತಿಕೊಂಡು ನಿಂತಿತು. ಹತ್ತು ನಿಮಿಷಕ್ಕೆ ತೊಂಬತ್ತೆಂಟು ಡಿಗ್ರಿ, ಹದಿನಾಲ್ಕಕ್ಕೆ ಕಪ್ಪು ಪರದೆ. ಆ ಮಧ್ಯಾಹ್ನ ಊಟ ಸೇರಲಿಲ್ಲ.

ಬುಧವಾರ ಮೊದಲ ಬಸ್ಸಿಗೆ ಚಿಂತಾಮಣಿಗೆ ಹೋದೆ. ನಾನು ಫೋನಿನಲ್ಲಿ ತೋರಿಸಿದ ಫೋಟೊ ನೋಡಿ ಕಂಪ್ಯೂಟರ್ ಅಂಗಡಿಯವನು ನಕ್ಕ. ಈ ಪ್ರೊಸೆಸರಿಗೆ ಹೊಸ ಕೂಲರ್ ಹಾಕುವುದು ದುಡ್ಡು ದಂಡ ಮೇಡಂ, ಹೊಸ ಸಿಸ್ಟಮ್ಮೇ ತಗೊಳ್ಳಿ, ನೀರಿನಲ್ಲಿ ತಣಿಸುವ ಕೂಲರ್ ಇದೆ, ಬಣ್ಣ ಬಣ್ಣದ ದೀಪ ಬರುತ್ತೆ ಎಂದೆಲ್ಲ ಹೇಳಿದ. ನನ್ನ ಪರ್ಸಿನಲ್ಲಿ ಎರಡು ಸಾವಿರವಿತ್ತು. ದೀಪದ ಬಣ್ಣಕ್ಕೇ ಅದು ಸಾಲುತ್ತಿರಲಿಲ್ಲ. ಹಳೆಯದು ಏನಿದೆ ತೋರಿಸಿ ಎಂದೆ. ಮುಚ್ಚಿಹೋದ ಗೇಮಿಂಗ್ ಸೆಂಟರಿನಿಂದ ಬಂದದ್ದು ಎಂದು ಮೂಲೆಯಿಂದ ಒಂದನ್ನು ತೆಗೆದ. ಗೋಪುರದಂತೆ ಎತ್ತರದ ಹೀಟ್‌ಸಿಂಕು, ನಾಲ್ಕು ತಾಮ್ರದ ಕೊಳವೆ, ಪಕ್ಕಕ್ಕೆ ಅಂಗೈಗಿಂತ ದೊಡ್ಡ ಫ್ಯಾನು. ಕೈಯಲ್ಲಿ ತಿರುಗಿಸಿದೆ, ಸದ್ದಿಲ್ಲದೆ ತಿರುಗಿತು. ನನ್ನ ಮದರ್‌ಬೋರ್ಡಿಗೆ ಹೊಂದುವ ಬ್ರಾಕೆಟ್ಟೂ ಇತ್ತು.

ಅಳತೆಪಟ್ಟಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಕೂಲರಿನ ಎತ್ತರ ನೂರಾ ಐವತ್ತೈದು ಮಿಲಿಮೀಟರು. ನನ್ನ ಕ್ಯಾಬಿನೆಟ್ಟಿನೊಳಗೆ ಇರುವ ಜಾಗ ನೂರಾ ನಲವತ್ತು.

"ಮುಚ್ಚಳ ಮುಚ್ಚಲ್ಲ ಮೇಡಂ," ಎಂದ ಅಂಗಡಿಯವನು. "ಆಮೇಲೆ ವಾಪಸ್ ತಗೊಳ್ಳಲ್ಲ, ಈಗ್ಲೇ ಹೇಳ್ಬಿಟ್ಟಿದ್ದೀನಿ."

"ಕೊಡಿ," ಎಂದೆ. "ಮುಚ್ಚಳಾನೇ ಕೊಯ್ಸ್ತೀನಿ."

ಹೇಳಿದ ಮೇಲೆ ನನಗೇ ಗೊತ್ತಾಯಿತು ಅದೇ ಸರಿ ಎಂದು. ಮನೆಗೆ ಕಿಟಕಿ ಎಲ್ಲಿ ಬೇಕೋ ಅಲ್ಲಿ ಗೋಡೆ ಒಡೆಯಲು ದಿನವೂ ಗೆರೆ ಹಾಕುವವಳು, ಒಂದು ತಗಡಿನ ಮುಚ್ಚಳಕ್ಕೆ ಯಾಕೆ ಹೆದರಬೇಕು?

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎಂಜಿನಿಯರ್ ಫೋನ್ ಮಾಡಿದರು. ಸಿಟ್ಟಿನ ದನಿಯಲ್ಲ, ಅಕ್ಕರೆಯ ದನಿ. ನಮ್ಮ ಆಫೀಸಿಗೇ ಬಂದುಬಿಡು, ತಿಂಗಳ ಸಂಬಳ, ಏಸಿ ರೂಮು, ಒಳ್ಳೆಯ ಸಿಸ್ಟಮ್ಮು, ಆ ಸೊಪ್ಪಿನ ಕೋಣೆಯಲ್ಲಿ ಯಾಕೆ ಒದ್ದಾಡುತ್ತೀಯ ಎಂದರು. ಒಂದು ಕ್ಷಣ ಮನಸ್ಸು ಓಲಾಡಿತು, ಯಾಕೆ ಸುಳ್ಳು ಹೇಳಲಿ. ಕೈಯಲ್ಲಿ ಹಳೇ ಕೂಲರಿನ ಡಬ್ಬ, ಹೊಟ್ಟೆಯಲ್ಲಿ ಬರೀ ಕಾಫಿ, ನೆತ್ತಿಯ ಮೇಲೆ ಬಿಸಿಲು.

"ನಕ್ಷೆ ಮೇಲೆ ಯಾರ ಹೆಸರು ಸಾರ್?" ಎಂದು ಕೇಳಿದೆ.

"ಆಫೀಸ್ ಹೆಸ್ರು ಇರುತ್ತಲ್ಲಮ್ಮ. ಎಲ್ರುದೂ ಹಾಕಕ್ಕಾಗುತ್ತಾ?"

"ಹಂಗಾದ್ರೆ ಬೇಡ ಸಾರ್," ಎಂದೆ. ಅವರು ಇನ್ನೂ ಏನೋ ಹೇಳುತ್ತಿದ್ದರು, ಬಸ್ಸು ಬಂತು, ಹತ್ತಿದೆ.

ಆ ಸಂಜೆಯೇ ಕೂಲರ್ ಕೂರಿಸಲು ಶುರು ಮಾಡಿದೆ. ಈ ಜಾತಿಯ ಕೂಲರಿಗೆ ಮದರ್‌ಬೋರ್ಡಿನ ಬೆನ್ನಿಗೆ ಒಂದು ಪಟ್ಟಿ ಕೊಡಬೇಕು. ಅದಕ್ಕಾಗಿ ಬೋರ್ಡನ್ನೇ ಹೊರಗೆ ತೆಗೆಯಬೇಕು. ಮೊದಲು ಎಲ್ಲ ವೈರುಗಳ ಫೋಟೊ ತೆಗೆದುಕೊಂಡೆ, ಸ್ವಿಚ್ಚಿಗೆ ಹೋಗುವ ಕೂದಲಿನಂಥ ಸಣ್ಣ ವೈರುಗಳದ್ದು ಎರಡೆರಡು ಸಲ. ಒಂಬತ್ತು ಸ್ಕ್ರೂ ಬಿಚ್ಚಿ ಊಟದ ತಟ್ಟೆಯಲ್ಲಿ ಸಾಲಾಗಿಟ್ಟೆ. ಬೆನ್ನಿಗೆ ಪಟ್ಟಿ ಕೊಟ್ಟು, ಮುಂದೆ ಬ್ರಾಕೆಟ್ ಬಿಗಿದು, ಪ್ರೊಸೆಸರಿನ ನಡುವೆ ಹೆಸರುಕಾಳಿನಷ್ಟು ಪೇಸ್ಟ್ ಇಟ್ಟು, ಗೋಪುರವನ್ನು ನೇರವಾಗಿ ಇಳಿಸಿದೆ. ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದು ಎರಡೆರಡು ಸುತ್ತು ತಿರುಗಿಸುತ್ತ ಹೋದೆ. ಒಂದನ್ನೇ ಪೂರ್ತಿ ಬಿಗಿದರೆ ವಾಲುತ್ತದೆ. ಫ್ಯಾನು ಮೆಮರಿಯ ಕಡ್ಡಿಗೆ ತಾಗುತ್ತಿತ್ತು, ಒಂದು ಬೆರಳಿನಷ್ಟು ಮೇಲೆ ಸರಿಸಿ ಸಿಕ್ಕಿಸಿದೆ. ಹಚ್ಚಿದಾಗ ಏನೂ ಆಗಲಿಲ್ಲ. ಫೋಟೊ ನೋಡಿದರೆ ಸ್ವಿಚ್ಚಿನ ವೈರು ಒಂದು ಪಿನ್ ಪಕ್ಕಕ್ಕೆ ಕೂತಿತ್ತು. ಸರಿಮಾಡಿದ ಮೇಲೆ ಹತ್ತಿತು. ಮುಚ್ಚಳ ತೆರೆದೇ ಓಡಿಸಿದರೆ ಹೊಸ ಎಲೆಗಳಿಗೂ ಸುಣ್ಣ ನುಗ್ಗುತ್ತದೆಂದು ರೆಂಡರ್ ಮಾತ್ರ ಹಚ್ಚಲಿಲ್ಲ.

ಗುರುವಾರ ಬೆಳಿಗ್ಗೆ ಮುಚ್ಚಳವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ನೂಲು ಬಿಚ್ಚುವ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಸಾಬರು ಅಲ್ಲಿದ್ದಾರೆ, ತಗಡಿನ ಕೆಲಸದಲ್ಲಿ ಕೈ ಪಳಗಿದವರು. ಕಾಗದದ ಮೇಲೆ ಅಳತೆ ಸಮೇತ ಬರೆದಿದ್ದ ಚೌಕವನ್ನು ಮುಂದಿಟ್ಟೆ. ಅವರು ಮುಚ್ಚಳವನ್ನು ಆಚೆ ಈಚೆ ತಿರುಗಿಸಿದರು.

"ನಾನು ನೂಲಿನ ಮಿಷನ್ ಮಾಡೋನು ಅಕ್ಕ. ಕಂಪ್ಯೂಟರ್ ಕೆಟ್ಟೋದ್ರೆ ನನ್ ಮೇಲೆ ಬರ್ಬಾರ್ದು ನೋಡಿ."

ಬಂದರೆ ನನ್ನ ಮೇಲೆಯೇ ಬರುತ್ತದೆ, ನೀವು ಗೆರೆಯ ಮೇಲೆ ಕೊಯ್ಯಿರಿ ಸಾಕು ಎಂದೆ. ಕೊಯ್ದರು. ಕಿಡಿ ಹಾರಿ ಬಣ್ಣ ಸುಟ್ಟಿತು. ಕೊಯ್ದ ಅಂಚು ಕೈ ಕೊಯ್ಯುವಂತಿತ್ತು. ಅದನ್ನು ಹಾಗೇ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಸಣ್ಣ ರಬ್ಬರ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿಗೆಲ್ಲ ಸಿಕ್ಕಿಸಿ, ತೂತಿಗೆ ಟೋಪಿಯಂತೆ ಒಂದು ತಗಡಿನ ಪೆಟ್ಟಿಗೆಯನ್ನೂ ಮಡಚಿ ಕೂರಿಸಿಕೊಟ್ಟರು. ಮನೆಗೆ ಬಂದು ಮುಚ್ಚಿದೆ. ಗೋಪುರದ ತಲೆ ಆ ಟೋಪಿಯೊಳಗೆ ಸರಿಯಾಗಿ ಕೂತಿತು. ನೋಡಲು ಗಲ್ಲ ಊದಿಕೊಂಡವರ ಹಾಗಿತ್ತು, ನೋಡುವವರು ಬೇಕಾದರೆ ಕಣ್ಣು ಮುಚ್ಚಿಕೊಳ್ಳಲಿ.

ಉಳಿದದ್ದು ಸುಣ್ಣ. ಕೊನೆಯ ಜ್ವರ ಎದ್ದ ನಾಲ್ಕನೇ ದಿನ ಇನ್ನೊಂದು ಸಲ ಪುಡಿ ಹಾಕುವುದು ವಾಡಿಕೆ, ಅವತ್ತೇ ಮಧ್ಯಾಹ್ನ ಅತ್ತೆ ಹಾಕುವವರಿದ್ದರು. ನಾನು ಒಂದು ರಟ್ಟು, ಟೇಪು ಹಿಡಿದು ಸ್ಟೂಲು ಹತ್ತಿ ಗೋಡೆಯ ಕಿಂಡಿಯನ್ನು ಮುಚ್ಚಲು ಹೊರಟೆ. ಆ ಕಿಂಡಿಯ ವಿಷಯಕ್ಕೆ ನಮ್ಮಿಬ್ಬರಿಗೂ ಎರಡು ವರ್ಷದಿಂದ ಜಗಳ. ಅವರು ತೆರೆಯುವುದು, ನಾನು ಮುಚ್ಚುವುದು.

ಈ ಸಲ ಅವರು ಕೂಗಲಿಲ್ಲ. ನನ್ನ ಕೈ ಹಿಡಿದು ಹುಳದ ಮನೆಯೊಳಗೆ ಕರೆದುಕೊಂಡು ಹೋದರು. ಸಾಲು ಸಾಲು ಸ್ಟ್ಯಾಂಡಿನ ಮೇಲೆ ಹುಳಗಳು ಸೊಪ್ಪು ಮೇಯುವ ಸದ್ದು. ಒಳಗೆ ಸೆಕೆ, ಹಸಿ ಸೊಪ್ಪಿನ ವಾಸನೆ. ಕಿಂಡಿಯ ಕೆಳಗೆ ನಿಲ್ಲಿಸಿದರು. ಅಲ್ಲಿ ಗಾಳಿ ನನ್ನ ಕೋಣೆಯ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು, ಸೆರಗು ಅಲ್ಲಾಡುವಷ್ಟು.

"ಇಷ್ಟು ಹುಳ ಬಿಟ್ಟ ಉಸ್ರು ಹೋಗೋದು ಇಲ್ಲೇ ಕಣಮ್ಮ. ಮುಚ್ಚಿದ್ರೆ ಇವೆಲ್ಲ ಎರಡು ದಿನಕ್ಕೆ ಸತ್ತು ಮಲಗ್ತವೆ. ನಿನ್ ಕೆಲಸ ನಿಲ್ಸು ಅಂತ ನಾನ್ಯಾವತ್ತಾದ್ರೂ ಅಂದಿದ್ದೀನಾ?"

ಅಂದಿರಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ, ಡಿಪ್ಲೊಮಾ ಓದಿದವಳು ಸುಮ್ಮನೆ ಕೂರಬಾರದೆಂದು ಸೊಪ್ಪಿನ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟವರೇ ಅವರು. ನಾಚಿಕೆಯಾಯಿತು. ರಟ್ಟನ್ನು ಕೆಳಗಿಟ್ಟೆ. ಕಿಂಡಿ ಅಲ್ಲಾಡುವುದಿಲ್ಲ, ಗಾಳಿಯ ದಿಕ್ಕು ಬದಲಾಗುವುದಿಲ್ಲ. ಹಾಗಿದ್ದರೆ ಅಲ್ಲಾಡಬೇಕಾದದ್ದು ನಾನು. ಎಂಟು ವರ್ಷದಿಂದ ಕಿಂಡಿಯ ಕೆಳಗೇ ಇದ್ದ ಮೇಜನ್ನು ಇಬ್ಬರೂ ಸೇರಿ ಎಳೆದು ಎದುರು ಗೋಡೆಗೆ, ಅಂಗಳದ ಕಿಟಕಿಯ ಪಕ್ಕಕ್ಕೆ ತಂದೆವು. ಕ್ಯಾಬಿನೆಟ್ಟಿನ ಮುಖವನ್ನು ಕಿಟಕಿಗೆ ತಿರುಗಿಸಿದೆ, ಹೊರಗಿನ ಗಾಳಿಯನ್ನೇ ಎಳೆದುಕೊಳ್ಳಲಿ ಎಂದು. ಪುಡಿ ಹಾಕುವುದನ್ನು ಅತ್ತೆ ತಾವಾಗಿಯೇ ಸಂಜೆಗೆ ಮುಂದೂಡಿದರು, ಸಂಜೆ ಹಾಕುವಾಗ ಅರ್ಧ ಗಂಟೆ ಕ್ಯಾಬಿನೆಟ್ಟಿಗೆ ಒದ್ದೆ ಪಂಚೆಯೊಂದನ್ನು ಮರೆಗಟ್ಟಿ ನಾನು ಅಲ್ಲೇ ನಿಂತೆ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ರೆಂಡರ್ ಹಚ್ಚಿದ್ದೆ. ಉಷ್ಣತೆ ತೋರಿಸುವ ಅಂಕಿಯನ್ನೇ ನೋಡುತ್ತ ಕೂತೆ. ಐವತ್ತು. ಅರವತ್ತೆರಡು. ಅರವತ್ತೊಂಬತ್ತು. ಎಪ್ಪತ್ತೊಂದು. ಅಲ್ಲೇ ನಿಂತಿತು. ಅರ್ಧ ಗಂಟೆಯಾದರೂ ಎಪ್ಪತ್ತೊಂದು. ನಲವತ್ತನೇ ಚಿತ್ರ ದಾಟಿತು, ನೂರು ದಾಟಿತು. ಬಿಸಿಗೆ ಹೆದರಿ ನಡಿಗೆ ನಿಧಾನ ಮಾಡುತ್ತಿದ್ದ ಪ್ರೊಸೆಸರ್ ಈಗ ಒಂದೊಂದು ಚಿತ್ರವನ್ನು ಇಪ್ಪತ್ತೆರಡು ಸೆಕೆಂಡಿಗೆ ಇಳಿಸುತ್ತಿತ್ತು. ನಾನು ಎದ್ದು ಒಂದು ತಟ್ಟೆ ಅನ್ನ ಸಾರು ತಿಂದೆ, ಎರಡನೇ ಸಲವೂ ಹಾಕಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಎದ್ದು ಬಂದು ನೋಡಿದರೆ ಪರದೆ ಕಪ್ಪು. ಕ್ಯಾಬಿನೆಟ್ ಮುಟ್ಟಿದೆ, ತಣ್ಣಗಿತ್ತು. ಬಿಸಿಯಿಂದ ಆರಿದ್ದಲ್ಲ, ನಾನು ಮಲಗಿದ್ದಾಗ ಕರೆಂಟು ಹೋಗಿ ಯುಪಿಎಸ್ಸೂ ಖಾಲಿಯಾಗಿತ್ತು. ನಾನು ವಿಡಿಯೋವನ್ನು ಒಂದೇ ಫೈಲಾಗಿ ಮಾಡದೆ ಬಿಡಿ ಚಿತ್ರಗಳಾಗಿಯೇ ಇಳಿಸುತ್ತಿದ್ದೆ, ಆಗಿದ್ದಷ್ಟು ಉಳಿಯಲಿ ಎಂದು. ಎಣಿಸಿದೆ. ಸಾವಿರದ ಎಂಟುನೂರು ಆಗಿತ್ತು. ಇನ್ನು ನಾನೂರೈವತ್ತು. ಮುಂದಿನ ಚಿತ್ರದಿಂದ ಹಚ್ಚಿದೆ. ಕರೆಂಟು ಮತ್ತೆ ಹೋದರೆ ಕಂಬದ ಬುಡಕ್ಕೇ ಹೋಗಿ ಕೂರುತ್ತೇನೆ ಎಂದುಕೊಂಡೆ. ಹೋಗಲಿಲ್ಲ. ಎಂಟೂವರೆಗೆ ಕೊನೆಯ ಚಿತ್ರ ಇಳಿಯಿತು, ಒಂಬತ್ತಕ್ಕೆ ಎಲ್ಲ ಹೊಂದಿಸಿ ವಿಡಿಯೋ ಆಯಿತು. ಕೊನೆಯಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ, ಇನಿಷಿಯಲ್ ಸಮೇತ.

ನರ್ಸ್ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು ನೋಡಿದರು. ಗೇಟು, ಜಗಲಿ, ಹಾಲ್, ದೇವರ ಮನೆ, ಅಡುಗೆಮನೆ, ಮಲಗುವ ಕೋಣೆ. ಇನ್ನೊಂದು ಸಲ ಹಾಕಿಸಿದರು. ಆಮೇಲೆ ಅಲ್ಲಿ ಕೂತೇ ಎಂಜಿನಿಯರಿಗೆ ಫೋನ್ ಮಾಡಿ, ನಾನು ಬರುವುದಿಲ್ಲ, ಕಾಯಬೇಡಿ ಎಂದು ಎರಡೇ ಮಾತಿನಲ್ಲಿ ಮುಗಿಸಿದರು.

ಅವರು ಏಳಲಿಲ್ಲ. ಪರದೆಯ ಮೇಲೆ ಅಡುಗೆಮನೆಯನ್ನು ನಿಲ್ಲಿಸಲು ಹೇಳಿ, ಬೆರಳಿಟ್ಟು ತೋರಿಸಿದರು.

"ಈ ಕಿಟಕಿ ಚಿಕ್ಕದಾಯ್ತೇನೋ. ಇಲ್ಲಿ ನಿಂತ್ಕೊಂಡ್ರೆ ನಂದಿ ಬೆಟ್ಟ ಕಾಣ್ಬೇಕು ಅಂತ ಆಸೆ ಇತ್ತು. ಎರಡಡಿ ಅಗಲ ಮಾಡಕ್ಕಾಗುತ್ತಾ? ಕಷ್ಟ ಆದ್ರೆ ಇರ್ಲಿ ಬಿಡಿ, ಮಿಷನ್ ಬಿಸಿ ಆಗುತ್ತೆ ಅಂತ ಎಂಜಿನಿಯರ್ ಅಂದಿದ್ರು."

ಕಷ್ಟ ಆದರೆ ಇರಲಿ ಬಿಡಿ. ಎಂಜಿನಿಯರ್ ಆಫೀಸಿನ ಹುಡುಗಿ ಎಂದುಕೊಂಡು ನನಗೆ ಫೋನ್ ಮಾಡಿದ ಎಷ್ಟು ಹೆಂಗಸರ ಬಾಯಲ್ಲಿ ಈ ಮಾತನ್ನು ಕೇಳಿದ್ದೇನೆ. ಅಡುಗೆಮನೆಯ ಕಟ್ಟೆ ಇನ್ನಷ್ಟು ತಗ್ಗಿಸಿ ಎಂದವರು, ಬಟ್ಟೆ ಒಣಗಿಸಲು ಹಿಂದೆ ಒಂದು ಬಾಗಿಲು ಬೇಕು ಎಂದವರು, ಬಾಣಂತಿಗೆ ಬಿಸಿಲು ಬರುವ ಕೋಣೆ ಕೇಳಿದವರು. ಮತ್ತೆ ರೆಂಡರ್ ಹಚ್ಚಬೇಕಲ್ಲ ಎಂಬ ಒಂದೇ ಭಯಕ್ಕೆ, ಈಗಿರುವುದೇ ಚೆನ್ನಾಗಿದೆ, ಬದಲಾಯಿಸಿದರೆ ಅಂದ ಕೆಡುತ್ತದೆ ಎಂದು ಗಂಭೀರವಾಗಿ ಹೇಳಿ ಅವರನ್ನೆಲ್ಲ ಒಪ್ಪಿಸಿದ್ದೆ. ನನ್ನ ಮಾತು ನಂಬಿ ಮನೆ ಕಟ್ಟಿ ಅವರು ಇವತ್ತೂ ಅದರೊಳಗೆ ಇದ್ದಾರೆ. ಎಂಜಿನಿಯರ್ ನನ್ನ ಹೆಸರು ನುಂಗಿದರು ಎಂದು ಊರೆಲ್ಲ ದೂರಿದವಳು, ನಾನು ಎಷ್ಟು ಕಿಟಕಿ ನುಂಗಿದ್ದೆ ಎಂದು ಯಾರಿಗೂ ಹೇಳಿರಲಿಲ್ಲ.

ಕುರ್ಚಿ ಎಳೆದುಕೊಂಡು ಮೌಸ್ ಹಿಡಿದೆ. ಅಡುಗೆಮನೆಯ ಗೋಡೆಯನ್ನು ತೆರೆದೆ.

"ಎರಡಡಿ ಸಾಕಾ ಸಿಸ್ಟರ್?" ಎಂದೆ. "ಮೂರು ಮಾಡ್ಲಾ?"